ಇಂಜಿನಿನ ಒಳಗುಟ್ಟು ದುಡಿಯುವವನಿಗೂ ತಿಳಿಯಲಿ

ಹೋಟೆಲಿನಲ್ಲಿ ದುಡಿಯುತ್ತಲೇ ಬಿಡುವಿನ ಹೊತ್ತಿನಲ್ಲಿ ಮೋಟಾರು ನಡೆಸುವುದನ್ನು ಕಲಿತು, ಲೈಸೆನ್ಸು ಪಡೆದು, ಟ್ಯಾಕ್ಸಿಗೋ ಟೆಂಪೋಗೋ ಸೇರಿಕೊಂಡ ತರುಣರು ನಮ್ಮಲ್ಲಿ ಅನೇಕರಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಅವರಲ್ಲಿ ಹಲವರು ಕಲಿಯುವುದು ಸ್ಟಿಯರಿಂಗು, ಕ್ಲಚ್ಚು, ಬ್ರೇಕುಗಳನ್ನು ಮಾತ್ರ. ಬಾನೆಟ್ಟಿನ ಕೆಳಗೆ ಏನು ನಡೆಯುತ್ತದೆಂಬುದು ಮೆಕ್ಯಾನಿಕನ ಪಾಲಿನ ವಿದ್ಯೆಯೆಂದು ಸುಮ್ಮನಿರುತ್ತಾರೆ. ಇಂಜಿನು ಕೆಟ್ಟ ದಿನ ಮಾಲಕನು "ನಿನ್ನದೇ ತಪ್ಪು" ಎಂದು ಪಗಾರದಲ್ಲಿ ಹಣ ಮುರಿದುಕೊಂಡರೆ ಉತ್ತರ ಕೊಡಲು ಬಾಯಿ ಬಾರದು. ಆದುದರಿಂದ ಈ ಸಲ ಇಂಜಿನಿನ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಇದು ನಮಗೆ ನಿಲುಕದ ವಿದ್ಯೆಯೇನೂ ಅಲ್ಲ. ಇಡ್ಲಿ ಬೇಯುವಾಗ ಆವಿಯು ಮುಚ್ಚಳವನ್ನು ತಟತಟನೆ ಎತ್ತುವುದನ್ನು ದಿನವೂ ನೋಡುವವರಿಗೆ ಮೊದಲ ಪಾಠ ಆಗಲೇ ಬಂದಿದೆ. ಕಾದ ಗಾಳಿ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಅಡ್ಡವಿದ್ದುದನ್ನು ದೂಡುತ್ತದೆ. ಈ ದೂಡುವಿಕೆಯನ್ನು ಕೆಲಸಕ್ಕೆ ಹಚ್ಚುವ ಸಾಧನವೇ ಇಂಜಿನು. ಹಿಂದಿನ ಕಾಲದ ಗಿರಣಿಗಳಲ್ಲಿ ಬೆಂಕಿ ಉರಿಯುತ್ತಿದ್ದುದು ಬಾಯ್ಲರಿನಲ್ಲಿ. ಅಲ್ಲಿಂದ ಕೊಳವೆಯಲ್ಲಿ ಬಂದ ಆವಿ ಇಂಜಿನನ್ನು ನಡೆಸುತ್ತಿತ್ತು. ಮೋಟಾರಿನಲ್ಲಾದರೋ ಬೆಂಕಿ ಉರಿಯುವುದು ಇಂಜಿನಿನ ಹೊಟ್ಟೆಯೊಳಗೇ. ಆದ್ದರಿಂದಲೇ ಇದಕ್ಕೆ ಅಂತರ್ದಹನ ಇಂಜಿನು ಎಂದು ಹೆಸರು.

ಈ ಇಂಜಿನಿನಲ್ಲಿ ಕೊಳವೆಯಂಥ ಸಿಲಿಂಡರು, ಅದರೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನು ಇವೆ. ಹೊಲಿಗೆ ಯಂತ್ರವನ್ನು ಕಾಲಿನಿಂದ ಮೇಲೆ ಕೆಳಗೆ ತುಳಿದರೆ ಚಕ್ರ ಗರಗರನೆ ತಿರುಗುವುದಿಲ್ಲವೇ? ಹಾಗೆಯೇ ಪಿಸ್ಟನ್ನಿನ ಓಡಾಟವನ್ನು ಕ್ರ್ಯಾಂಕ್ ಶಾಫ್ಟು ತಿರುಗುವಿಕೆಯಾಗಿ ಮಾಡುತ್ತದೆ. ಅದು ಗೇರುಗಳ ಮೂಲಕ ಗಾಲಿಗಳಿಗೆ ತಲಪುತ್ತದೆ.

ಕೆಲಸ ನಡೆಯುವುದು ನಾಲ್ಕು ಹೊಡೆತಗಳಲ್ಲಿ. ಮೊದಲನೆಯದರಲ್ಲಿ ಪಿಸ್ಟನ್ನು ಕೆಳಗಿಳಿದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆಯುತ್ತದೆ. ಎರಡನೆಯದರಲ್ಲಿ ಮೇಲೇರಿ ಅದನ್ನು ಸುಮಾರು ಹತ್ತರಲ್ಲೊಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ. ಆಗ ಸ್ಪಾರ್ಕ್ ಪ್ಲಗ್ಗು ಕಿಡಿ ಹಾರಿಸುತ್ತದೆ; ಮಿಶ್ರಣ ಹೊತ್ತಿ, ಹಿಗ್ಗಿ, ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಇದು ಮೂರನೆಯ ಹೊಡೆತ. ನಾಲ್ಕನೆಯದರಲ್ಲಿ ಸುಟ್ಟ ಹೊಗೆ ಹೊರಬೀಳುತ್ತದೆ. ನಾಲ್ಕರಲ್ಲಿ ದುಡಿಯುವುದು ಮೂರನೆಯದೊಂದೇ. ಉಳಿದ ಮೂರನ್ನು ನಡೆಸಿಕೊಡುವುದು ತಿರುಗುತ್ತಿರುವ ಫ್ಲೈವೀಲಿನ ಭಾರ. ಜರ್ಮನಿಯ ನಿಕೋಲಸ್ ಓಟ್ಟೋ 1876ರಲ್ಲಿ ಈ ಕ್ರಮದ ಇಂಜಿನನ್ನು ನಡೆಸಿ ತೋರಿಸಿದನು. ನಿಮಿಷಕ್ಕೆ 3000 ಸುತ್ತು ತಿರುಗುವ ನಾಲ್ಕು ಸಿಲಿಂಡರುಗಳ ಇಂಜಿನಿನಲ್ಲಿ ಸೆಕೆಂಡಿಗೆ 100 ಸಲ ಹೀಗೆ ಬೆಂಕಿ ಹೊತ್ತುತ್ತದೆ.

ಡೀಸೆಲ್ ಇಂಜಿನಿನ ದಾರಿ ಬೇರೆ. ಅದು ಗಾಳಿಯನ್ನು ಮಾತ್ರ ಒಳಗೆಳೆದು, ಹದಿನೈದು ಇಪ್ಪತ್ತರಲ್ಲೊಂದು ಪಾಲಿಗೆ ಒತ್ತುತ್ತದೆ. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪು ಬಿಸಿಯಾಗುವಂತೆ, ಒತ್ತಿದ ಗಾಳಿ 500 ಡಿಗ್ರಿಗೂ ಮಿಕ್ಕಿ ಕಾಯುತ್ತದೆ. ಅದರ ಮೇಲೆ ಎಣ್ಣೆ ಸಿಂಪಡಿಸಿದೊಡನೆ ತಾನಾಗಿ ಹೊತ್ತಿಕೊಳ್ಳುತ್ತದೆ, ಕಿಡಿ ಬೇಕಿಲ್ಲ. ರುಡಾಲ್ಫ್ ಡೀಸೆಲನ ಇಂಜಿನು 1897ರಲ್ಲಿ ಯಶಸ್ವಿಯಾಯಿತು. ಅಷ್ಟು ಒತ್ತಡ ತಾಳಲು ಅದರ ಭಾಗಗಳು ಭಾರಿಯಾಗಿರಬೇಕು. ಆದರೆ ಅಷ್ಟೇ ಇಂಧನದಿಂದ ಹೆಚ್ಚು ಕೆಲಸ ಬರುತ್ತದೆ. ಲಾರಿ ಬಸ್ಸುಗಳು ಅದನ್ನು ನೆಚ್ಚಿಕೊಂಡುದು ಇದಕ್ಕಾಗಿಯೇ. ಹಳೆಯ ಸ್ಕೂಟರು, ರಿಕ್ಷಾಗಳಲ್ಲಿದ್ದ ಎರಡು ಹೊಡೆತದ ಇಂಜಿನು ಹಗುರ, ಅಗ್ಗ; ಆದರೆ ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯೂ ಉರಿದು ಹೊಗೆ ಹೆಚ್ಚು. ಸಿ.ಎನ್.ಜಿ. ಗಾಡಿಯದು ಪೆಟ್ರೋಲಿನಂತೆ ಕಿಡಿಯಿಂದಲೇ ಹೊತ್ತುವ ಇಂಜಿನು. ಉರಿಯುವ ಪದಾರ್ಥ ಮಾತ್ರ ಬೇರೆ.

ಇನ್ನು ಚಾಲಕರು ನೆನಪಿಡಬೇಕಾದ ಮಾತು. ಪೆಟ್ರೋಲಿನ ಶಾಖದಲ್ಲಿ ಸಾಮಾನ್ಯವಾಗಿ ಮೂರನೆಯ ಒಂದು ಪಾಲು ಕೂಡ ಗಾಲಿಗೆ ತಲಪುವುದಿಲ್ಲ. ಉಳಿದುದು ರೇಡಿಯೇಟರಿನಿಂದಲೂ ಹೊಗೆಕೊಳವೆಯಿಂದಲೂ ಹೊರಗೆ ಹೋಗಬೇಕು. ನೀರು ಅಥವಾ ಎಣ್ಣೆ ಕಡಿಮೆಯಾದರೆ ಪಿಸ್ಟನ್ನು ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ನೀಲಿ ಹೊಗೆ ಬಂದರೆ ಒಳಗೆ ಎಣ್ಣೆ ಉರಿಯುತ್ತಿದೆ. ಕರಿ ಹೊಗೆ ಬಂದರೆ ಇಂಧನ ಪೂರ್ತಿ ಸುಡುತ್ತಿಲ್ಲ. ಇಂಜಿನು ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಸಿಲಿಂಡರಿಗೆ ನೀರು ಸೇರುತ್ತಿರಬಹುದು. ಇವನ್ನು ಕಂಡ ದಿನವೇ ಮಾಲಕನಿಗೆ ತಿಳಿಸಿ, ತಾರೀಖು ಹಾಕಿ ಬರೆದಿಡಿ. ನಾಳೆ ದೂರು ಬಂದಾಗ ಆ ಒಂದು ಗೆರೆಯೇ ನಿಮ್ಮ ಸಾಕ್ಷಿ. ಕಾದ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಚಿಮ್ಮುವ ನೀರು ಮುಖ ಸುಡುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನು ನಡೆಸುತ್ತಾ ಮಲಗಲೇಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಕಾಲ ಬದಲಾಗುತ್ತಿದೆ. 2023ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಬೆಸ್ಟ್ ಸಂಸ್ಥೆಯ ಡೀಸೆಲ್ ಡಬಲ್ ಡೆಕ್ಕರ್ ಬಸ್ಸುಗಳು, ಅಕ್ಟೋಬರಿನಲ್ಲಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ರಸ್ತೆಯಿಂದ ನಿವೃತ್ತವಾದವು. ಬ್ಯಾಟರಿ ಬಸ್ಸುಗಳು ಓಡಾಡುತ್ತಿವೆ. ಅವುಗಳಲ್ಲಿ ಪಿಸ್ಟನ್ನೂ ಇಲ್ಲ, ಸ್ಪಾರ್ಕ್ ಪ್ಲಗ್ಗೂ ಇಲ್ಲ. ಹಾಗಾದರೆ ಇದನ್ನೆಲ್ಲ ಕಲಿತು ಪ್ರಯೋಜನವೇನೆಂದು ಕೆಲವರು ಕೇಳಬಹುದು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಒಂದೇ ಕೆಲಸ ಬಲ್ಲವರು ಎಷ್ಟು ಬವಣೆಪಟ್ಟರೆಂಬುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಯಂತ್ರ ಬದಲಾದಾಗ ಮೊದಲು ಹೊರಬೀಳುವವನು ಅದರ ಮೈ ಮುಟ್ಟಿ, ಒಳಗನ್ನು ಅರಿಯದೇ ಉಳಿದವನು. ಇಂದು ಇಂಜಿನನ್ನು ಬಿಚ್ಚಿ ನೋಡಿದವನು ನಾಳೆ ಬ್ಯಾಟರಿಯ ಮೋಟಾರಿಗೂ ಹೆದರುವುದಿಲ್ಲ.

ಆದುದರಿಂದ ತರುಣ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮುಂದಿನ ರಜಾದಿನ ಪರಿಚಯದ ಗ್ಯಾರೇಜಿಗೆ ಹೋಗಿ, ಇಂಜಿನು ಬಿಚ್ಚುವಾಗ ಹತ್ತಿರ ನಿಂತು ನೋಡಿರಿ. ತಿಳಿಯದುದನ್ನು ಕೇಳಿರಿ. ಕೇಳಲು ನಾಚಿಕೆ ಬೇಡ.