ಬೆಕ್ಕಿನ ಹಲ್ಲಿಗೆ ಹದಿನೆಂಟು ಸಾವಿರವೇ?

ನಮ್ಮ ಮನೆಯ ಬೆಕ್ಕು ಚಿನ್ನಿಯ ಹಲ್ಲಿನ ಚಿಕಿತ್ಸೆಗೆ ನಾನು 18,000 ರೂಪಾಯಿ ವೆಚ್ಚ ಮಾಡಿದೆನೆಂಬ ಸುದ್ದಿ ಚಳ್ಳಕೆರೆಯ ನಮ್ಮ ಬೀದಿಯಲ್ಲೆಲ್ಲ ಹರಡಿದೆ. "ಮೇಷ್ಟ್ರೇ, ಪಿಂಚಣಿ ಹೆಚ್ಚಾಯಿತೇನು?" ಎಂದರು ವಾಯುವಿಹಾರದ ಗೆಳೆಯರೊಬ್ಬರು. "ಒಂದು ಗೋಣಿಚೀಲ ಸಾಕಿತ್ತು. ಕಟ್ಟಿಕೊಂಡು ಹೋಗಿ ಊರಾಚೆ ಬಿಟ್ಟು ಬಂದಿದ್ದರೆ ಮುಗಿಯುತ್ತಿತ್ತು" ಎಂದರು ಮತ್ತೊಬ್ಬರು. ಎಲ್ಲರೂ ನಕ್ಕರು. ಸೌಜನ್ಯಕ್ಕೆಂದು ನಾನೂ ನಕ್ಕೆ. ಆ ನಗೆಗೆ ಪ್ರಾಯಶ್ಚಿತ್ತವಾಗಿ ಈ ಲೇಖನ.

ಚಿನ್ನಿಗೆ ಒಂಬತ್ತು ವರ್ಷ. ತಟ್ಟೆಯ ಬಳಿಗೆ ಆಸೆಯಿಂದ ಬರುವುದು, ಒಂದು ತುತ್ತು ಬಾಯಿಗಿಟ್ಟು ಚೀರಿ ಹಿಂದೆ ಸರಿಯುವುದು, ಮುಂಗಾಲಿನಿಂದ ಮುಖ ಉಜ್ಜಿಕೊಳ್ಳುವುದು ಮೊದಲಾಯಿತು. ಒಸಡುಗಳು ಕೆಂಪಾಗಿ ಜೊಲ್ಲು ಸುರಿಯುತ್ತಿತ್ತು. ಬಾಯಿಯ ದುರ್ವಾಸನೆಯನ್ನು ನಾನು ವರ್ಷದ ಹಿಂದೆಯೇ ಗಮನಿಸಿದ್ದೆ, ಅಲಕ್ಷಿಸಿದ್ದೆ. ಬೆಕ್ಕು ನೋವನ್ನು ಮರೆಮಾಚುವ ಪ್ರಾಣಿ. ಅದು ತೋರಿಸಿಕೊಳ್ಳುವ ಹೊತ್ತಿಗೆ ರೋಗ ಬಲಿತಿರುತ್ತದೆ. ನೆರೆಯವರೊಬ್ಬರು ಪ್ಯಾರಾಸಿಟಮಾಲ್ ಕೊಡಲು ಹೇಳಿದರು. ಓದುಗರು ದಯವಿಟ್ಟು ನೆನಪಿಡಬೇಕು: ಆ ಮಾತ್ರೆ ಬೆಕ್ಕಿಗೆ ವಿಷ. ಅದನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ.

ಸಮೀಪದ ಒಂದು ಪಶು ಆಸ್ಪತ್ರೆಗೆ ಒಯ್ದೆ. ವೈದ್ಯರು ಸಜ್ಜನರು. ನೋವಿಗೆ ಚುಚ್ಚುಮದ್ದು ಕೊಟ್ಟು, "ಸಾರ್, ದನದ ಹಲ್ಲು ನೋಡಿ ವಯಸ್ಸು ಹೇಳಬಲ್ಲೆ, ಬೆಕ್ಕಿನ ಹಲ್ಲು ಕೀಳುವ ಸಲಕರಣೆ ನನ್ನಲ್ಲಿಲ್ಲ" ಎಂದರು. ತಪ್ಪು ಅವರದಲ್ಲ. ಕೊನೆಗೆ 200 ಕಿಲೋಮೀಟರ್ ದೂರದ ಬೆಂಗಳೂರೇ ಗತಿಯಾಯಿತು. 12,000 ರೂಪಾಯಿ ಚಿಕಿತ್ಸೆಗೆ, 6,000 ರೂಪಾಯಿ ಬಾಡಿಗೆ ಕಾರಿಗೆ! ಅಂದರೆ ಮೂರರಲ್ಲಿ ಒಂದು ಪಾಲು ರಸ್ತೆಗೆ ಸಂದಿತು.

ಉಳಿದ 12,000 ಸುಲಿಗೆಯೇ? ನಾನೂ ಹಾಗೆಯೇ ಭಾವಿಸಿದ್ದೆ. ನಾವಾದರೆ ಕುರ್ಚಿಯಲ್ಲಿ ಒರಗಿ ಬಾಯಿ ತೆರೆಯುತ್ತೇವೆ. ಬೆಕ್ಕು ತೆರೆದೀತೇ? ಅದಕ್ಕೆ ಪೂರ್ಣ ಅರಿವಳಿಕೆಯೇ ಬೇಕು. ಅದಕ್ಕೂ ಮೊದಲು ಮೂತ್ರಪಿಂಡ, ಯಕೃತ್ತುಗಳು ತಡೆದಾವೇ ಎಂದು ತಿಳಿಯಲು ರಕ್ತಪರೀಕ್ಷೆ. ಬಳಿಕ ಶ್ವಾಸನಾಳದಲ್ಲಿ ಕೊಳವೆ, ಬೇರಿನ ರೋಗ ಒಸಡಿನ ಮೇಲೆ ಕಾಣದಾದ್ದರಿಂದ ಎಕ್ಸ್‌ರೇ. ಬೆಳೆದ ಬೆಕ್ಕಿಗೆ 30 ಹಲ್ಲು; ದವಡೆಯ ಹಲ್ಲುಗಳಿಗೆ ಎರಡು ಮೂರು ಬೇರು. ಒಂದೊಂದು ಬೇರನ್ನೂ ಬಿಡಿಸಿ ತೆಗೆಯಬೇಕು. ಇದು ಶಸ್ತ್ರಚಿಕಿತ್ಸೆ, ಶೋಕಿಯಲ್ಲ.

ಇನ್ನು ಗೆಳೆಯರ ಆಕ್ಷೇಪಗಳಿಗೆ ಬರುತ್ತೇನೆ. "ಮನುಷ್ಯರಿಗೇ ಗತಿಯಿಲ್ಲದಾಗ ಬೆಕ್ಕಿಗೇಕೆ?" ಇದೇ ಹಣದಲ್ಲಿ ನಾನು ಹೊಸ ಮೊಬೈಲು ಕೊಂಡಿದ್ದರೆ ಯಾರೂ ಬಡವರನ್ನು ನೆನೆಯುತ್ತಿರಲಿಲ್ಲ. ಕನಿಕರ ತೋರಿದಾಗ ಮಾತ್ರ ಲೆಕ್ಕ ಕೇಳುವವರ ಕನಿಕರದಲ್ಲಿ ನನಗೆ ನಂಬಿಕೆಯಿಲ್ಲ. "ಬೆಕ್ಕಿನಿಂದ ಲಾಭವೇನು?" ಈ ಪ್ರಶ್ನೆಯನ್ನು ಎಣ್ಣೆಗಿರಣಿಗಳ ಊರಾದ ಚಳ್ಳಕೆರೆಯಲ್ಲಿ ಕೇಳುವುದೇ? ಶೇಂಗಾ ಚೀಲಗಳನ್ನೂ, ಮೊಳಕಾಲ್ಮೂರಿನ ಮಗ್ಗದ ಮನೆಗಳ ರೇಷ್ಮೆ ನೂಲನ್ನೂ ಇಲಿಯಿಂದ ಕಾಯುವ, ಸಂಬಳವಿಲ್ಲದ ಕಾವಲುಗಾರ ಅದು. ಇನ್ನು ಗೋಣಿಚೀಲದ ಸಲಹೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ, ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧ. ಸಾಕಿದ ಪ್ರಾಣಿಗೆ ಅನಗತ್ಯ ನೋವಾಗದಂತೆ ನೋಡಿಕೊಳ್ಳುವುದು ಸಾಕಿದವನ ಕರ್ತವ್ಯವೆಂದೂ ಅದೇ ಕಾಯ್ದೆ ಹೇಳುತ್ತದೆ. ಜೀವದಯೆಯನ್ನು ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದ್ದು 1976ರಲ್ಲಿ, ಸಂವಿಧಾನದ 42ನೆಯ ತಿದ್ದುಪಡಿ.

ಮೊಳಕಾಲ್ಮೂರಿನಲ್ಲಿ ಸೇವೆಯಲ್ಲಿದ್ದಾಗ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದೊಯ್ಯುತ್ತಿದ್ದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲಿದೆ. ತಂದೆ ತಾಯಿಗಳ ಸೇವೆ, ಸತ್ಯವಚನಗಳ ಜೊತೆಗೆ ಜೀವಿಗಳ ಬಗೆಗಿನ ದಯೆಯನ್ನೂ ಅದು ಬೋಧಿಸುತ್ತದೆ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳಲ್ಲಿ ಅದೇ ಅರಸನ ಇನ್ನೊಂದು ಶಾಸನವುಂಟು. ಮನುಷ್ಯರ ಚಿಕಿತ್ಸೆ, ಪಶುಗಳ ಚಿಕಿತ್ಸೆ ಎರಡಕ್ಕೂ ಏರ್ಪಾಡು ಮಾಡಿದೆನೆಂದು ಅವನು ಅದರಲ್ಲಿ ಸಾರಿದ್ದಾನೆ. ಜಟಾಯು ಬಿದ್ದ ಜಾಗವೆಂದು ನಂಬಿ ಜಟಿಂಗ ರಾಮೇಶ್ವರ ಬೆಟ್ಟ ಹತ್ತುವ ಜನ ನಾವು. ಹಕ್ಕಿಯ ನೆನಪಿಗೆ ಕೈಮುಗಿಯುವ ನಾಡಿನಲ್ಲಿ ಬೆಕ್ಕಿನ ನೋವು ನಗೆಯ ವಸ್ತುವಾಗಬೇಕೇ?

ನಮ್ಮದು ಬರದ ನಾಡು, ಕುರಿ ಕಂಬಳಿಗಳ ನಾಡು. ಕುರಿಗಾಹಿಯ ಮಂದೆಗೆ ಮೊದಲು ವೈದ್ಯರು ಸಿಗಲಿ ಎಂಬುದರಲ್ಲಿ ನನ್ನದೇನೂ ಭಿನ್ನಾಭಿಪ್ರಾಯವಿಲ್ಲ. ಆದರೆ ಹಾಲು, ಉಣ್ಣೆ, ಮಾಂಸಗಳ ತಕ್ಕಡಿಯಲ್ಲಿ ತೂಗದ ಜೀವಕ್ಕೆ ಸರ್ಕಾರಿ ವ್ಯವಸ್ಥೆಯಲ್ಲಿ ಜಾಗವೇ ಇಲ್ಲವೆಂದರೆ ಒಪ್ಪಲಾರೆ. ನಾನು ಧರ್ಮಕ್ಕೆ ಕೇಳುತ್ತಿಲ್ಲ. ಪ್ರತಿ ಜಿಲ್ಲಾ ಕೇಂದ್ರದ ಪಶು ಆಸ್ಪತ್ರೆಯಲ್ಲಿ ಒಂದು ಅರಿವಳಿಕೆ ಯಂತ್ರ, ಒಂದು ಜೊತೆ ದಂತ ಸಲಕರಣೆ, ತರಬೇತಾದ ಒಬ್ಬ ವೈದ್ಯರು, ವಾರಕ್ಕೊಂದು ನಿಗದಿತ ದಿನ ಇರಲಿ. ನಿಗದಿತ ಶುಲ್ಕವೂ ಇರಲಿ. ನನ್ನಂಥ ಪಿಂಚಣಿದಾರರು ಸಂತೋಷದಿಂದ ಕೊಟ್ಟೇವು. ಕೊಡಲಾಗದ ನೇಕಾರರ ಮನೆಯ ಬೆಕ್ಕಿಗೂ ಆಗ ದಾರಿಯಾದೀತು. ಇಂದು ಆ ಬೆಕ್ಕಿಗೆ ಉಳಿದಿರುವುದು ಗೋಣಿಚೀಲವೊಂದೇ.

ಸಾಕಿದವರಿಗೂ ಒಂದು ಮಾತು. ತಿಂಗಳಿಗೊಮ್ಮೆ ಅದರ ತುಟಿ ಎತ್ತಿ ಒಸಡು ನೋಡಿ. ನಾನು ವರ್ಷದ ಹಿಂದೆ ನೋಡಿದ್ದರೆ ಚಿನ್ನಿಯ ಹನ್ನೊಂದು ಹಲ್ಲುಗಳಲ್ಲಿ ಕೆಲವಾದರೂ ಉಳಿಯುತ್ತಿದ್ದವೇನೋ.

ಈಗ ಚಿನ್ನಿ ತಟ್ಟೆ ನೆಕ್ಕಿ ಖಾಲಿ ಮಾಡಿ, ಈ ಬರಹದ ಕಾಗದಗಳ ಮೇಲೆಯೇ ಮಲಗಿದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂಬ ಗಾದೆ ಹಳೆಯದು. ಅದರ ಹಲ್ಲು ನೋಡುವವರು ಯಾರೆಂದು ನಾನು ಕೇಳುತ್ತಿದ್ದೇನೆ. ಉತ್ತರ ಕೊಡಬೇಕಾದವರು ನಗದೆ ಕೊಡಲಿ.