ಬಿಡಿ ಲಕ್ಷಣಗಳ ಹಿಂದೆ ಅವಿತಿರುವ ಗೆಡ್ಡೆ

ನಟ ಇರ್ಫಾನ್ ಖಾನ್ ತಮ್ಮ ಕಾಯಿಲೆಯನ್ನು 2018ರಲ್ಲಿ ಬಹಿರಂಗಪಡಿಸಿದಾಗ ‘ನ್ಯೂರೋಎಂಡೋಕ್ರೈನ್ ಟ್ಯೂಮರ್’ ಎಂಬ ಹೆಸರು ಜನರ ಕಿವಿಗೆ ಬಿತ್ತು. 2020ರಲ್ಲಿ ಅವರು ತೀರಿಕೊಂಡ ಮೇಲೆ ಅದು ಮರೆತೂ ಹೋಯಿತು. ಹೆಸರಿನಲ್ಲಿ ‘ನ್ಯೂರೋ’ ಇದ್ದರೂ ಇದು ಮಿದುಳಿಗೇ ಸೀಮಿತವಾದ ರೋಗವಲ್ಲ. ಇಂಥ ಗೆಡ್ಡೆಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಜೀರ್ಣಾಂಗಗಳಲ್ಲಿ; ಅಲ್ಲಿ ಹಾರ್ಮೋನು ಸ್ರವಿಸುವ ಜೀವಕೋಶಗಳಲ್ಲಿ.

ಇವುಗಳಲ್ಲಿ ಹಲವು ಸದ್ದಿಲ್ಲದೆ ಬೆಳೆಯುತ್ತವೆ. ಹಾರ್ಮೋನನ್ನು ಅತಿಯಾಗಿ ಸ್ರವಿಸುವಂಥವು ಬೇರೆ ರೋಗಗಳ ವೇಷ ಧರಿಸುತ್ತವೆ. ಗ್ಯಾಸ್ಟ್ರಿನ್ ಹೆಚ್ಚಾದರೆ ಹೊಟ್ಟೆಹುಣ್ಣು ಮತ್ತೆ ಮತ್ತೆ ಮರುಕಳಿಸುತ್ತದೆ. ಇನ್ಸುಲಿನ್ ಹೆಚ್ಚಾದರೆ ಬರಿಹೊಟ್ಟೆಯಲ್ಲಿ ಬೆವರು, ಮಂಕು. ಅಪಸ್ಮಾರವೆಂದು ಚಿಕಿತ್ಸೆ ನಡೆಯುವುದೂ ಉಂಟು. ಸೆರೊಟೋನಿನ್ ಮೊದಲಾದವು ಹೆಚ್ಚಾದಾಗ ಮುಖ ಇದ್ದಕ್ಕಿದ್ದಂತೆ ಕೆಂಪೇರುತ್ತದೆ, ಭೇದಿಯಾಗುತ್ತದೆ. ಮಹಿಳೆಯರಲ್ಲಾದರೆ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಯೆಂದು ತೀರ್ಮಾನಿಸಿಬಿಡುವುದು ಸುಲಭ. ಆದರೆ ಕರುಳಿನಿಂದ ಬರುವ ಈ ಹಾರ್ಮೋನನ್ನು ಯಕೃತ್ತು ನಿಷ್ಕ್ರಿಯಗೊಳಿಸುವುದರಿಂದ, ಲಕ್ಷಣ ಗೋಚರಿಸುವ ವೇಳೆಗೆ ಸಾಮಾನ್ಯವಾಗಿ ಗೆಡ್ಡೆ ಯಕೃತ್ತಿಗೂ ಹರಡಿರುತ್ತದೆ. ಆಮೇಲಿನ ವಿಳಂಬ ದುಬಾರಿ.

ಪರೀಕ್ಷೆಗಳಿಲ್ಲವೆಂದಲ್ಲ. 24 ಗಂಟೆಗಳ ಮೂತ್ರ ಸಂಗ್ರಹಿಸಿ ಸೆರೊಟೋನಿನ್‌ನ ವಿಭಜಿತ ಅಂಶವನ್ನು ಅಳೆಯಬಹುದು. ಆಗ ಬಾಳೆಹಣ್ಣು, ಅನಾನಸ್ ವರ್ಜ್ಯ. ಇನ್ಸುಲಿನ್ ಶಂಕೆಯಿದ್ದರೆ ಆಸ್ಪತ್ರೆಯ ನಿಗಾದಲ್ಲಿ 72 ಗಂಟೆಗಳವರೆಗಿನ ಉಪವಾಸ. ಗೆಡ್ಡೆಯ ನೆಲೆಯನ್ನು ಗ್ಯಾಲಿಯಂ ಪೆಟ್ ಸ್ಕ್ಯಾನ್ ತೋರಿಸುತ್ತದೆ, ಅಂಗಾಂಶದ ತುಣುಕಿನ ಪರೀಕ್ಷೆ ಖಚಿತಪಡಿಸುತ್ತದೆ. ನಾವು ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ಆಮ್ಲ ತಗ್ಗಿಸುವ ಮಾತ್ರೆ ಇಲ್ಲಿ ಎರಡು ಬಗೆಯ ತೊಡಕು ತರುತ್ತದೆ: ಹುಣ್ಣಿನ ಲಕ್ಷಣವನ್ನು ಮರೆಮಾಚುತ್ತದೆ, ಕ್ರೋಮೋಗ್ರಾನಿನ್ ರಕ್ತಪರೀಕ್ಷೆಯ ಅಂಕಿಯನ್ನು ಏರಿಸುತ್ತದೆ. ಹಾಗೆಂದು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸುವುದೂ ಅಪಾಯಕಾರಿ.

ಭೇದಿಗೆ ಒಬ್ಬ ವೈದ್ಯರು, ಮುಖದ ಕೆಂಪಿಗೆ ಚರ್ಮತಜ್ಞರು, ಸುಸ್ತಿಗೆ ಮತ್ತೊಬ್ಬರು. ಪ್ರತಿಯೊಬ್ಬರೂ ತಮ್ಮ ಪಾಲಿನ ಲಕ್ಷಣಕ್ಕೆ ಸರಿಯಾದ ಔಷಧವನ್ನೇ ಬರೆಯುತ್ತಾರೆ. ಚೀಟಿಗಳನ್ನು ಒಟ್ಟಿಗೆ ಓದುವವರಿಲ್ಲ. ಕುಟುಂಬ ವೈದ್ಯರೆಂಬ ವ್ಯವಸ್ಥೆ ನಗರಗಳಲ್ಲಿ ಸೊರಗಿದ್ದರ ಬೆಲೆಯಿದು. ಅಪರೂಪದ ರೋಗಕ್ಕಾಗಿ ಎಲ್ಲರನ್ನೂ ಸ್ಕ್ಯಾನಿಗೆ ಒಳಪಡಿಸುವುದು ಅಪವ್ಯಯವೆಂಬ ವಾದ ಸರಿಯೇ. ಆದರೆ ತಿಂಗಳುಗಟ್ಟಲೆ ಕಾರಣ ತಿಳಿಯದ ಭೇದಿಯೊಂದಿಗೆ ಮುಖ ಕೆಂಪೇರುವವರನ್ನು, ಹುಣ್ಣು ಮರುಕಳಿಸುತ್ತಲೇ ಇರುವವರನ್ನು ತಜ್ಞರಲ್ಲಿಗೆ ಕಳುಹಿಸಬೇಕೆಂಬ ನಿಯಮಕ್ಕೆ ಹೆಚ್ಚು ಹಣ ಬೇಕಿಲ್ಲ. ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕು. (ಸುತ್ತೋಲೆಗಳ ಗತಿ ಏನಾಗುತ್ತದೆಂದು ಬಲ್ಲವನಾಗಿಯೂ ಈ ಮಾತು ಹೇಳುತ್ತಿದ್ದೇನೆ.) 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯ ಒತ್ತು ಆಸ್ಪತ್ರೆಗೆ ದಾಖಲಾದವರ ವೆಚ್ಚದ ಮೇಲಿದೆ. ದಾಖಲಾಗುವ ಮುನ್ನ ರೋಗವನ್ನು ಪತ್ತೆಹಚ್ಚುವ ಪರೀಕ್ಷೆಗಳ ವೆಚ್ಚವನ್ನೂ, ತಜ್ಞರ ಶಿಫಾರಸಿದ್ದಲ್ಲಿ, ಅದು ಭರಿಸುವಂತಾಗಬೇಕು.