ಊರಿಗೆ ಕಳಿಸಿದರೆ ಚಟ ಬಿಡುತ್ತದೆಯೇ?

ನಮ್ಮ ಹೊರನಾಡ ಕನ್ನಡಿಗರ ಮನೆಗಳಲ್ಲಿ ಒಂದು ಹಳೆಯ ಮನೆಮದ್ದು ಇದೆ. ಹುಡುಗ ದಾರಿ ತಪ್ಪಿದನೇ? ಊರಿಗೆ ಕಳಿಸಿಬಿಡಿ! ಒಂಬತ್ತನೇ ಕ್ಲಾಸಿನವನ ಬ್ಯಾಗಿನಲ್ಲಿ ಗುಟ್ಕಾ ಚೀಟಿ ಸಿಗಲಿ, ಆಗಷ್ಟೇ ಕಾಲೇಜು ಸೇರಿದವನ ಬಾಯಿಂದ ಸಿಗರೇಟಿನ ವಾಸನೆ ಬರಲಿ, ಗಾಂಜಾದ ಸುದ್ದಿಯೇ ಕಿವಿಗೆ ಬೀಳಲಿ, ಪುಣೆಯ ನಮ್ಮ ಬಳಗದ ಹಿರಿಯರ ಮಾತು ಒಂದೇ. "ಊರಿಗೆ ಕಳಸ್ರಿ. ಅಲ್ಲಿ ಕಾಕಾ ಅದಾರ, ಹೊಲ ಅದ. ಎರಡು ತಿಂಗಳು ಇದ್ದು ಬಂದ್ರ ತಾನಾ ಸರಿಹೋಗ್ತಾನ."

ಮೂವತ್ತು ವರ್ಷದಿಂದ ಈ ಊರಿನಲ್ಲಿರುವ ನಾನು ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಮದ್ದು ಮಾತ್ರ ತಪ್ಪು.

ನಾನು ಬ್ಯಾಂಕಿನವನು, ನನಗೆ ತಿಳಿದ ಭಾಷೆಯಲ್ಲೇ ಹೇಳುತ್ತೇನೆ. ಕೆಟ್ಟ ಸಾಲದ ಖಾತೆಯನ್ನು ಈ ಶಾಖೆಯಿಂದ ಆ ಶಾಖೆಗೆ ವರ್ಗಾಯಿಸಿದರೆ ಸಾಲ ಒಳ್ಳೆಯದಾಗುವುದಿಲ್ಲ. ನಮ್ಮ ಮ್ಯಾನೇಜರ್ ಸಾಹೇಬರ ಕಣ್ಣಿಗೆ ಬೀಳುವುದು ತಪ್ಪುತ್ತದೆ, ಅಷ್ಟೇ. ಬಾಕಿ ಇದ್ದೇ ಇರುತ್ತದೆ, ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಹುಡುಗನನ್ನು ಊರಿಗೆ ಕಳಿಸುವುದೂ ಹಾಗೆಯೇ.

ಊರು ಅಂದರೆ ಶುದ್ಧ, ಪಟ್ಟಣ ಅಂದರೆ ಕೆಟ್ಟದ್ದು ಅನ್ನುವ ನಂಬಿಕೆಯನ್ನೇ ಮೊದಲು ನೋಡೋಣ. 2016-17ರಲ್ಲಿ ಕೇಂದ್ರ ಸರ್ಕಾರ ನಡೆಸಿದ ತಂಬಾಕು ಸಮೀಕ್ಷೆಯ ಪ್ರಕಾರ 15 ವರ್ಷ ಮೇಲ್ಪಟ್ಟವರಲ್ಲಿ ತಂಬಾಕು ಬಳಸುವವರು ಪಟ್ಟಣಗಳಲ್ಲಿ ಶೇ. 21.2, ಹಳ್ಳಿಗಳಲ್ಲಿ ಶೇ. 32.5. ಅಂದರೆ ನಾವು ಹುಡುಗನನ್ನು ತಂಬಾಕು ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ ಕಳಿಸುತ್ತಿದ್ದೇವೆ! ನಮ್ಮ ಉತ್ತರ ಕರ್ನಾಟಕದ ಮನೆಗಳನ್ನೇ ನೆನಪಿಸಿಕೊಳ್ಳಿ. ಊಟ ಆದಮೇಲೆ ಕಟ್ಟೆಯ ಮೇಲೆ ಕೂತ ಹಿರಿಯರು ಎಲೆ ಅಡಿಕೆ ಚೀಲ ಬಿಚ್ಚುತ್ತಾರೆ. "ಹೋಗೋ ತಮ್ಮಾ, ಓಡಿ ಹೋಗಿ ಒಂದು ತಂಬಾಕಿನ ಚೀಟಿ ತಗೊಂಬಾ" ಅನ್ನುತ್ತಾರೆ. ತಂಬಾಕಿನ ಅಂಗಡಿಯ ದಾರಿಯನ್ನು ಮಕ್ಕಳಿಗೆ ತೋರಿಸುವವರು ಎಷ್ಟೋ ಸಲ ಮನೆಯವರೇ. 13ರಿಂದ 15 ವರ್ಷದ ಶಾಲಾ ಮಕ್ಕಳ ಬಗ್ಗೆ 2019ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇ. 8.5ರಷ್ಟು ಮಕ್ಕಳು ತಂಬಾಕು ಬಳಸುತ್ತಿದ್ದರು. ಜಗಿಯುವ ತಂಬಾಕಿನಂಥ ಹೊಗೆಯಿಲ್ಲದ ತಂಬಾಕು ಬಳಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಶುರು ಮಾಡಿದ್ದು 10 ವರ್ಷ ತುಂಬುವ ಮೊದಲೇ.

ಇನ್ನೊಂದು ವಿಷಯ. ಎಐಐಎಂಎಸ್‌ನವರು ಕೇಂದ್ರಕ್ಕಾಗಿ ನಡೆಸಿ 2019ರಲ್ಲಿ ವರದಿಯಾದ ಮಾದಕ ವಸ್ತು ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡದ್ದು ಒಂದೇ ಚಟ, ಮೂಸುವ ಚಟ. ವೈಟ್ನರ್, ಥಿನ್ನರ್, ಪಂಕ್ಚರ್ ಹಾಕುವ ಸಲ್ಯೂಷನ್ ಇವೇ ಆ ವಸ್ತುಗಳು. ದೊಡ್ಡವರಲ್ಲಿ ಶೇ. 0.58 ಇದ್ದರೆ 10ರಿಂದ 17ರ ವಯಸ್ಸಿನವರಲ್ಲಿ ಶೇ. 1.17. ಸಲ್ಯೂಷನ್ ಟ್ಯೂಬ್ ಸಿಗದ ಊರು ಯಾವುದಾದರೂ ಇದೆಯೇ? ಇದನ್ನು ಮೂಸಿದಾಗ ಹೃದಯದ ಬಡಿತ ತಪ್ಪಿ, ಮೊದಲ ಸಲವೇ ಜೀವ ಹೋಗಬಹುದು ಎನ್ನುವುದು ಎಷ್ಟು ತಂದೆತಾಯಿಗೆ ಗೊತ್ತು?

ಊರಿಗೆ ಕಳಿಸುವುದರಲ್ಲಿ ಇನ್ನೂ ದೊಡ್ಡ ಅಪಾಯ ಇದೆ. ಪುಣೆ, ಮುಂಬಯಿಯಲ್ಲಿ 'ಗರ್ದ್' ಎಂದು ಕರೆಯುವ ಬ್ರೌನ್ ಶುಗರ್ ಚಟ ಹತ್ತಿದ ಹುಡುಗನ ಮಾತು ತೆಗೆದುಕೊಳ್ಳಿ. ಎರಡು ತಿಂಗಳು ಅದು ಸಿಗದಿದ್ದರೆ ದೇಹದ ತಾಳಿಕೆ ಇಳಿದುಹೋಗುತ್ತದೆ, ಆದರೆ ಮನಸ್ಸಿನ ಆಸೆ ಹಾಗೇ ಉಳಿದಿರುತ್ತದೆ. ವಾಪಸು ಬಂದು ಹಳೆಯ ಗೆಳೆಯರ ನಡುವೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಅದೇ ಅವನ ಕೊನೆಯಾಗಬಹುದು. ಚಿಕಿತ್ಸೆ ಇಲ್ಲದ ವನವಾಸಕ್ಕೆ ಇಷ್ಟು ಬೆಲೆ.

ಹಾಗಾದರೆ ನಾವೇಕೆ ಹೀಗೆ ಮಾಡುತ್ತೇವೆ? ಉತ್ತರ ಎಲ್ಲರಿಗೂ ಗೊತ್ತು, ಮರ್ಯಾದೆ. ಸೊಸೈಟಿಯಲ್ಲಿ ಗೊತ್ತಾದರೆ? ಕನ್ನಡ ಸಂಘದಲ್ಲಿ ಸುದ್ದಿಯಾದರೆ? ನಾಳೆ ಅವನ ಅಕ್ಕನಿಗೆ ಸಂಬಂಧ ನೋಡುವಾಗ ಯಾರಾದರೂ ಎತ್ತಿದರೆ? ಹುಡುಗಿಯರ ವಿಷಯದಲ್ಲಂತೂ ಬಾಯಿಗೆ ಬೀಗ. ಹುಡುಗಿಯರೂ ಇದಕ್ಕೆ ಹೊರತಲ್ಲ ಅನ್ನುವುದನ್ನೇ ನಾವು ಒಪ್ಪುವುದಿಲ್ಲ. ಪರಊರಿನಲ್ಲಿ ಹೆಸರು ಕಟ್ಟಿಕೊಂಡು ಬದುಕಿದವರಿಗೆ ಈ ಭಯ ಸಹಜ. ಆದರೆ ಮಗು ಕಾಯಿಲೆ ಬಿದ್ದಾಗ ಮುಚ್ಚಿಡುತ್ತೇವೆಯೇ? ಡೆಂಗಿ ಬಂದರೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡುತ್ತೇವೆ. ಚಟ ಬಂದರೆ ಬಸ್ ಸ್ಟ್ಯಾಂಡಿಗೆ ಓಡುತ್ತೇವೆ!

ಬ್ಯಾಂಕಿನಲ್ಲಿ ಯಾವ ಸಾಲವೂ ಒಂದೇ ದಿನದಲ್ಲಿ ಎನ್‌ಪಿಎ ಆಗುವುದಿಲ್ಲ. ಕಂತು ತಪ್ಪಿದ ಮೊದಲ ದಿನದಿಂದಲೇ ಖಾತೆಯ ಮೇಲೆ ಕಣ್ಣಿಡುತ್ತೇವೆ. 30 ದಿನಕ್ಕೊಂದು ಹಂತ, 60ಕ್ಕೊಂದು, 90 ದಾಟಿದರೆ ಎನ್‌ಪಿಎ. ಮನೆಯಲ್ಲೂ ಇಂಥ ಹಂತಗಳಿವೆ. ಅಪ್ಪನ ಮೊಬೈಲಿನಿಂದ ಒಂದೇ ಟಪರಿಗೆ ದಿನಾ ಇಪ್ಪತ್ತು, ಮೂವತ್ತು ರೂಪಾಯಿ ಹೋಗುವುದು, ಬಟ್ಟೆಯಲ್ಲಿ ಪೇಂಟಿನ ವಾಸನೆ, ಹಳೆಯ ಗೆಳೆಯರು ಏಕಾಏಕಿ ಬೇಡವಾಗುವುದು, ನಿದ್ದೆಯ ಹೊತ್ತು ತಲೆಕೆಳಗಾಗುವುದು. ರೊಟ್ಟಿಗೆ ರಂಜಕ ಹಚ್ಚಿಕೊಂಡು ತಿನ್ನುತ್ತಿದ್ದ ಹುಡುಗ ಈಗ ಸಾರಿಗೂ ಬಾಯಿ ಉರಿ ಎನ್ನುತ್ತಾನೆಯೇ? ಅಡಿಕೆ ಗುಟ್ಕಾದಿಂದ ಬಾಯೊಳಗಿನ ಚರ್ಮ ಗಡುಸಾಗುವ ರೋಗದ ಮೊದಲ ಲಕ್ಷಣ ಅದೇ ಇರಬಹುದು. ಅವನ ಮೂರು ಬೆರಳು ಒಂದರ ಮೇಲೊಂದು ಇಟ್ಟಂತೆ ಬಾಯಲ್ಲಿ ಹಿಡಿಸದಿದ್ದರೆ ದಂತ ವೈದ್ಯರ ಹತ್ತಿರ ಹೋಗಲೇಬೇಕು. ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ಮಗ ಚಟಗಾರ ಎಂದಲ್ಲ. ಕೂತು ಮಾತಾಡುವ ಹೊತ್ತು ಬಂದಿದೆ ಎಂದರ್ಥ. ಹೊಡೆತದಿಂದ ಶುರುವಾದ ಮಾತು ಸುಳ್ಳಿನಲ್ಲೇ ಮುಗಿಯುತ್ತದೆ.

ಇನ್ನು ಸಹಾಯ. ನಮ್ಮ ಪುಣೆಯಲ್ಲೇ ಡಾ. ಅನಿತಾ ಅವಚಟ ಮತ್ತು ಲೇಖಕ ಅನಿಲ ಅವಚಟ ದಂಪತಿ ಪು.ಲ. ದೇಶಪಾಂಡೆಯವರ ನೆರವಿನಿಂದ 1986ರಲ್ಲಿ ಆರಂಭಿಸಿದ ಮುಕ್ತಾಂಗಣ ಇದೆ. ಅಲ್ಲಿ ಚಟ ಹತ್ತಿದವರ ಜೊತೆ ಮನೆಯವರನ್ನೂ ಕೂರಿಸಿಕೊಂಡು ಮಾತಾಡುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಯಾವ ಊರಿನಿಂದಲಾದರೂ 14446ಕ್ಕೆ ಫೋನ್ ಮಾಡಬಹುದು, ಅದು ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ, ಖರ್ಚಿಲ್ಲ. ಪೊಲೀಸ್ ಕೇಸ್ ಆದೀತು ಎಂದು ಹೆದರುವವರಿಗೆ ಒಂದು ಮಾತು. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆ ಪೂರ್ತಿ ಮಾಡಬೇಕು, ಅಷ್ಟೇ.

ಬಲ ತೋರಿಸಲೇಬೇಕೆಂದಿದ್ದರೆ ಹುಡುಗನ ಬೆನ್ನಿನ ಮೇಲೆ ಬೇಡ, ಶಾಲೆಯ ಮುಂದಿನ ಟಪರಿಯ ಮೇಲೆ ತೋರಿಸೋಣ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾನೂನೇ ಹೇಳುತ್ತದೆ. ಮಗುವಿಗೆ ತಂಬಾಕು, ಮದ್ಯ, ಮಾದಕ ವಸ್ತು ಕೊಟ್ಟವರಿಗೆ 2015ರ ಬಾಲ ನ್ಯಾಯ ಕಾಯ್ದೆಯ 77ನೇ ಕಲಂ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿದೆ. ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದವು. ಕಂಪನಿಗಳು ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿ ಮಾರತೊಡಗಿದವು. ಎರಡನ್ನೂ ಬೆರೆಸುವುದು ಹುಡುಗರಿಗೆ ಯಾರೂ ಕಲಿಸಬೇಕಾಗಿಲ್ಲ! ಗಣೇಶೋತ್ಸವ, ರಾಜ್ಯೋತ್ಸವಕ್ಕೆ ನೂರು ಜನ ಸೇರುವ ನಮ್ಮ ಸಂಘಗಳಿಂದ ಹತ್ತು ಜನ ತಂದೆತಾಯಿ ಒಟ್ಟಾಗಿ ಹೋಗಿ ಒಂದು ದೂರು ಕೊಟ್ಟರೆ ಸಾಕಲ್ಲವೇ?

ಊರಿಗೆ ಮಕ್ಕಳನ್ನು ಖಂಡಿತ ಕಳಿಸೋಣ. ರಜೆಗೆ, ಜಾತ್ರೆಗೆ, ಅಜ್ಜಿಯ ಕೈತುತ್ತಿಗೆ ಕಳಿಸೋಣ. ಶಿಕ್ಷೆಗೆ ಮಾತ್ರ ಬೇಡ. ತೊಂದರೆಯಲ್ಲಿರುವ ಮಗು ಅಪ್ಪ ಅಮ್ಮನ ಹತ್ತಿರವೇ ಇರಬೇಕು, ವೈದ್ಯರ ಕಣ್ಣೆದುರು ಇರಬೇಕು.

ನೀವೇನಂತೀರಿ?